ಗಂಟಲು ತೆರೆಸಿದ ಪ್ರಶ್ನೆ

ಅವರ ಕೀಬೋರ್ಡಿನ ಮೇಲೆ ಒಂದು ಅಕ್ಷರವೂ ಉಳಿದಿರಲಿಲ್ಲ. ಟೈಪ್‌ರೈಟರ್ ಕಾಲದ ಬೆರಳುಗಳು ಕಂಪ್ಯೂಟರಿನ ಕೀಲಿಗಳನ್ನೂ ಹಾಗೇ ಗುದ್ದುತ್ತಿದ್ದವು. ಗುದ್ದಿ ಗುದ್ದಿ ಬಿಳಿ ಅಕ್ಷರಗಳೆಲ್ಲ ಅಳಿಸಿಹೋಗಿದ್ದವು. ಬೆರಳ ತುದಿಗಳು ಚಪ್ಪಟೆ, ಉಗುರಿನ ಸಂದಿಯಲ್ಲಿ ಸದಾ ಜೆರಾಕ್ಸಿನ ಕಪ್ಪು. ಹೊಳೆನರಸೀಪುರದ ಬಸ್ ನಿಲ್ದಾಣದ ಹತ್ತಿರ ಅವರದೊಂದು ಜೆರಾಕ್ಸ್ ಅಂಗಡಿ. ಹಿಂದೆ ಅಲ್ಲೇ ಟೈಪಿಂಗ್ ಕಲಿಸುತ್ತಿದ್ದರಂತೆ. ಕಲಿಯುವವರು ಬರುವುದು ನಿಂತರೂ ಟೈಪಿಂಗ್ ಮೇಷ್ಟ್ರು ಎನ್ನುವ ಹೆಸರು ಮಾತ್ರ ಅವರನ್ನು ಬಿಡಲಿಲ್ಲ.

ಆ ಅಂಗಡಿಯ ಮೆಟ್ಟಿಲನ್ನು ನಾನು ಮೊದಲ ಸಲ ಹತ್ತಿದ್ದು ಹೆದರಿಕೊಂಡೇ. ನಮ್ಮ ಯಜಮಾನರು ಖಾಸಗಿ ಬಸ್ಸಿನ ಡ್ರೈವರ್. ಒಂದು ದಿನ, ಎದುರಿಗೆ ಬರೋ ಗಾಡಿ ಎರಡೆರಡಾಗಿ ಕಾಣ್ತದೆ ಅಂದರು. ಇನ್ನು ಸ್ಟೀರಿಂಗ್ ಮುಟ್ಟಬೇಡಿ ಎಂದು ಕಣ್ಣಿನ ಡಾಕ್ಟರು ಹೇಳಿಬಿಟ್ಟರು. ಹರದನಹಳ್ಳಿಯ ನಮ್ಮ ಮನೆ ನಡೆಯುತ್ತಿದ್ದದ್ದೇ ಆ ದುಡಿಮೆಯಲ್ಲಿ. ಹಾಸನದ ಖಾಸಗಿ ಆಸ್ಪತ್ರೆಯೊಂದರಲ್ಲಿ ರೋಗಿಗಳ ಹೆಸರು ಬರೆದುಕೊಳ್ಳುವ ಕೌಂಟರಿಗೆ ಜನ ಬೇಕಂತೆ ಎನ್ನುವ ಸುದ್ದಿಯನ್ನು ಮೈದುನ ತಂದ. ಹಾಸನದ ಕಾನ್ವೆಂಟು, ಪಿಯುಸಿ, ಆಮೇಲೆ ಮದುವೆ, ಹದಿನೈದು ವರ್ಷ ಅಡುಗೆಮನೆ: ನನ್ನ ಚರಿತ್ರೆ ಅಷ್ಟೇ. ಕೆಲಸ ಸಿಗದಿದ್ದರೆ ಏನು ಗತಿ ಎನ್ನುವ ಭಯದ ಜೊತೆಗೆ, ಸಿಕ್ಕಿಬಿಟ್ಟರೆ ಏನು ಗತಿ ಎನ್ನುವ ಭಯವೂ ನನಗಿತ್ತು.

ಮನೆಯಲ್ಲಿ ಬಯೋಡೇಟಾ ಅಂತ ಇದ್ದದ್ದು ಒಂದೇ, ನನ್ನ ಮದುವೆಗೆ ಅಪ್ಪ ಮಾಡಿಸಿದ್ದು. ಟ್ರಂಕಿನಿಂದ ತೆಗೆದು, ಅದನ್ನೇ ನೋಡಿಕೊಂಡು ಬರೆದಿದ್ದೆ. ಮೇಲೆ ದೇವರ ಹೆಸರು, ಕೆಳಗೆ ತಂದೆ, ಗಂಡ, ಎತ್ತರ, ಮೈಬಣ್ಣ, ನಕ್ಷತ್ರ. ಕೊನೆಗೆ, ಮೈದುನ ಒತ್ತಾಯ ಮಾಡಿ ಬರೆಸಿದ ಸಾಲು: ಶಾಲೆಯೊಂದರ ಆಫೀಸಿನಲ್ಲಿ ಐದು ವರ್ಷ ಕೆಲಸ ಮಾಡಿದ ಅನುಭವ.

ಮೇಷ್ಟ್ರು ಓದುತ್ತಾ ಓದುತ್ತಾ ಕನ್ನಡಕವನ್ನು ಹಣೆಗೇರಿಸಿದರು.

"ಏನವ್ವಾ, ಆಸ್ಪತ್ರೆಯೋರು ನಿನ್ನ ಮನೆ ತುಂಬುಸ್ಕತಾರಾ? ನಕ್ಷತ್ರ ಯಾಕವ್ವಾ ಅವ್ರಿಗೆ?"

ಪಹಣಿಯ ಜೆರಾಕ್ಸಿಗೆ ಕಾಯುತ್ತಿದ್ದ ರಾಮನಾಥಪುರದ ಹೊಗೆಸೊಪ್ಪಿನ ರೈತರೊಬ್ಬರು ಇಣುಕಿದರು. "ಮೈಬಣ್ಣ ಗೋಧಿ ಅಂತ ಬ್ಯಾರೆ ಬರ್ದವ್ರೆ, ನೋಡಿ ಸಾ!"

"ನೀ ಸುಮ್ಕಿರಯ್ಯಾ," ಎಂದು ಅವರನ್ನು ಗದರಿ, ಮೇಷ್ಟ್ರು ನನ್ನ ಮುಂದಕ್ಕೊಂದು ಸ್ಟೂಲು ತಳ್ಳಿದರು. ನನ್ನ ಕಣ್ಣು ತುಂಬಿದ್ದನ್ನು ನೋಡಿಯೂ ನೋಡದವರ ಹಾಗೆ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. "ಇದು ದಿಟವಾ?"

"ಮೈದುನ ಬರೆಸಿದ್ದು," ಎಂದೆ.

"ಟೈಪ್ ಮಾಡಕ್ಕೆ ನಂಗೇನು, ಒಂದು ಗಳಿಗೆ. ಆ ಸ್ಕೂಲ್ನಾಗೆ ಹೆಡ್‌ಮೇಷ್ಟ್ರು ಯಾರು ಅಂತ ಅವ್ರು ಕೇಳುದ್ರೆ? ನಾನು ಬಂದು ಪಕ್ಕದಾಗೆ ಕೂತ್ಕಳಕ್ಕಾಯ್ತದಾ? ಇರೋ ಹೆದ್ರಿಕೆ ಸಾಲ್ದು ಅಂತ ಇನ್ನೊಂದನ್ನೂ ಹೊತ್ಕಂಡು ಓಗ್ಬೇಡ."

"ಹಾಗಾದ್ರೆ ಬರೆಯೋಕೆ ಏನೂ ಇಲ್ಲ ಮೇಷ್ಟ್ರೇ. ಮನೇಲೇ ಇದ್ದೆ."

ಅವರು ನನ್ನ ಫೋನ್ ನಂಬರನ್ನೇ ನೋಡುತ್ತಿದ್ದರು. ಅದರಲ್ಲಿ ಎರಡು ಏಳುಗಳಿವೆ. ಏಳು ಒಂದರಂತೆ ಕಾಣಬಾರದು ಎಂದು ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ಅದರ ನಡುವಿಗೆ ಅಡ್ಡಗೆರೆ ಹಾಕಿಸುತ್ತಿದ್ದರು. ಆ ಅಭ್ಯಾಸ ನನಗೆ ಹಾಗೇ ಉಳಿದುಬಿಟ್ಟಿತ್ತು.

"ಈ ಏಳು ನಂಗೊತ್ತು," ಎಂದರು ಮೇಷ್ಟ್ರು.

ಮಸುಕಾಗಿ ಬಂದ ಜೆರಾಕ್ಸ್ ಪ್ರತಿಗಳನ್ನು ಅವರು ಎಸೆಯುತ್ತಿರಲಿಲ್ಲ. ಅರ್ಧಕ್ಕೆ ಕತ್ತರಿಸಿ, ದಾರದಲ್ಲಿ ಹೊಲಿದು, ಹಿಂಬದಿಯಲ್ಲಿ ಚೀಟಿ ಬರೆಯಲು ಇಟ್ಟುಕೊಳ್ಳುತ್ತಿದ್ದರು. ಅಂಥ ಎರಡು ಕಂತೆ ತೆಗೆದು ನನ್ನ ಮುಂದೆ ಮಗುಚಿದರು. ವಿಧವಾ ವೇತನದ ಅರ್ಜಿ, ರೇಷನ್ ಕಾರ್ಡಿನ ಅರ್ಜಿ, ಯಾರದೋ ಬ್ಯಾಂಕಿನ ಫಾರಂ. ಎಲ್ಲದರಲ್ಲೂ ನನ್ನ ಗುಂಡು ಅಕ್ಷರ, ಅಡ್ಡಗೆರೆಯ ಏಳು.

"ನಿಮ್ಮೂರ ಮುದುಕೀರು ತರೋರು. ಯಾರವ್ವಾ ಬರ್ಕೊಟ್ಟೋರು ಅಂದ್ರೆ, ನಮ್ ಬೀದಿ ಸೊಸೆ ಸಾ ಅನ್ನೋರು. ತಪ್ಪು ಅದೆ ಅಂತ ಆಫೀಸ್ನೋರು ವಾಪಸ್ ಕಳ್ಸಿದ್ದು ನಾ ಒಂದೂ ಕಾಣೆ. ಏನೂ ಇಲ್ವಂತೆ!"

ಟಪಟಪ ಗುದ್ದಿ ಒಂದೇ ಹಾಳೆ ಮಾಡಿದರು. ದೇವರು, ನಕ್ಷತ್ರ, ಗೋಧಿ ಬಣ್ಣ ಎಲ್ಲ ಹೋಗಿ, ಓದು, ಭಾಷೆ ಉಳಿದವು. ಕೆಳಗೊಂದು ಹೊಸ ಸಾಲು: ಹದಿನೈದು ವರ್ಷಗಳಿಂದ ಊರಿನವರ ಅರ್ಜಿಗಳನ್ನು ಕನ್ನಡ, ಇಂಗ್ಲಿಷಿನಲ್ಲಿ ತುಂಬಿಕೊಟ್ಟ ಅಭ್ಯಾಸ.

"ಸುಳ್ಳಾ?"

"ಅಲ್ಲ."

"ಅಂಗಾರೆ ತಲೆ ಎತ್ತಿ ಹೇಳು. ನಿನ್ನ ಹೆಸ್ರೇನು?"

ನಾನು ಹೆಸರು ಹೇಳಿದೆ. ರೈತರು ಬಿಡಲಿಲ್ಲ. "ಏನವ್ವಾ, ಹೆಸ್ರು ನೆಲದ ಮ್ಯಾಲೆ ಬರ್ದೈತಾ?"

ಮೇಷ್ಟ್ರೂ ನಕ್ಕರು. "ಹೆಣ್ಣು ನೋಡಕ್ಕೆ ಬಂದೋರು ತಲೆ ತಗ್ಸಿದ್ದಕ್ಕೇ ಒಪ್ಪಿರ್ತಾರೆ. ಕೆಲ್ಸ ಕೊಡೋರ ಮುಂದೆ ತಲೆ ತಗ್ಸುದ್ರೆ ಏನೋ ಮುಚ್ಚಿಡ್ತಾವ್ಳೆ ಅಂತಾರೆ ಕಣವ್ವಾ."

ಮೂರು ಮಧ್ಯಾಹ್ನ ಆ ಸ್ಟೂಲಿನ ಮೇಲೆ ಕೂತು, ಇಂಟರ್‌ವ್ಯೂನಲ್ಲಿ ಕೇಳುವ ಹಾಗೆ ಮೇಷ್ಟ್ರು ಕೇಳಿದ್ದಕ್ಕೆಲ್ಲ ಉತ್ತರ ಹೇಳಿದೆ. ಅವರು ಸಣ್ಣಸಣ್ಣ ಮಾತು ಹೇಳಿಕೊಡುತ್ತಿದ್ದರು. "ಮೂರು ಪ್ರತಿ ಇಟ್ಕ. ಒಂದೇ ಕೊಟ್ರೆ ಒಬ್ರು ಓದ್ತಾರೆ, ಮಿಕ್ಕೋರು ಫ್ಯಾನು ನೋಡ್ತಾರೆ." "ಹಿಂದಿನ ದಿನಾನೇ ಓಗಿ ಜಾಗ ನೋಡ್ಕಂಡು ಬಾ. ಬಾಗ್ಲು ಹುಡುಕೋ ಭಯ ಒಂದಾದ್ರೂ ಕಮ್ಮಿಯಾಯ್ತದೆ." ಭಯ ಬೇಡ ಎಂದು ಮಾತ್ರ ಅವರು ಒಮ್ಮೆಯೂ ಹೇಳಲಿಲ್ಲ. "ಒಳಕ್ಕೆ ಓಗೋ ಮುಂಚೆ ವಾಚ್‌ಮನ್ನನ್ನಾದ್ರೂ ತಿಂಡಿ ಆಯ್ತಾ ಅಂತ ಕೇಳು. ಬಾಯ್ಬುಟ್ಟು ಒಂದು ಮಾತಾಡುದ್ರೆ ಗಂಟ್ಲು ತೆರ್ಕತದೆ. ಮುಚ್ಚಿದ ಗಂಟ್ಲಲ್ಲಿ ದಿಟ ಹೇಳುದ್ರೂ ಸುಳ್ಳಿನಂಗೆ ಕೇಳ್ತದೆ."

ಇಂಟರ್‌ವ್ಯೂ ದಿನ ಹಾಸನದಲ್ಲಿ ಬಸ್ಸಿಳಿದು, ಹಿಂದಿನ ದಿನವೇ ನೋಡಿಟ್ಟಿದ್ದ ದಾರಿ ಹಿಡಿದೆ. ಆಸ್ಪತ್ರೆಯ ಗೇಟಿನಲ್ಲಿ ನಿಂತು, "ತಿಂಡಿ ಆಯ್ತಾ ಅಣ್ಣಾ?" ಎಂದೆ. ಅರ್ಧ ದನಿ ಬಂತು.

"ಎಲ್ಲಿ ಅಕ್ಕಾ, ಮುಂದಿನ ಡ್ಯೂಟಿಯೋನು ಇನ್ನೂ ಬಂದೇ ಇಲ್ಲ," ಎಂದು ವಾಚ್‌ಮನ್ ತನ್ನ ಕಷ್ಟ ಶುರು ಮಾಡಿದ. ನಾನು ಹೂಂಗುಟ್ಟಿದೆ. ಅಷ್ಟರಲ್ಲಿ ಒಳಗಿನಿಂದ ನನ್ನ ಹೆಸರು ಕೂಗಿದರು.

ಒಳಗೆ ಮೂವರಿದ್ದರು. ಮೂವರಿಗೂ ಒಂದೊಂದು ಪ್ರತಿ ಕೊಟ್ಟೆ. ನಡುವೆ ಕೂತಿದ್ದವರು, "ಇಷ್ಟು ವರ್ಷ ಎಲ್ಲೂ ಕೆಲಸ ಮಾಡಿಲ್ಲವಲ್ಲ?" ಎಂದರು. ಕಣ್ಣು ನೆಲದ ಟೈಲ್ಸಿನ ಕಡೆ ಜಾರಿತು. ನೆಲದ ಮ್ಯಾಲೆ ಬರ್ದೈತಾ ಎಂದ ದನಿ ಕಿವಿಯಲ್ಲಿ ಕೇಳಿ ತಲೆ ಎತ್ತಿದೆ. "ಮಾಡಿಲ್ಲ ಸರ್. ಊರಿನವರ ಅರ್ಜಿ ಬರೆದುಕೊಡ್ತಿದ್ದೆ," ಎಂದೆ. ಹೊರಗೆ ಕೂತಿದ್ದ ಅಜ್ಜಿಯೊಬ್ಬರ ಫಾರಂ ಕೈಗಿಟ್ಟು, ತುಂಬಿಸಿ ತನ್ನಿ ಎಂದರು. ಹೋಗಿ ಅಜ್ಜಿಯ ಪಕ್ಕ ಕೂತೆ. ಏಳಿನ ಅಡ್ಡಗೆರೆ ನೇರವಾಗಿಯೇ ಬಂತು. ವಾರದ ನಂತರ ಕೆಲಸಕ್ಕೆ ಬನ್ನಿ ಎಂದು ಫೋನ್ ಬಂತು.

ಎರಡು ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ನನ್ನ ಕೌಂಟರಿನ ಅಂಚಿನ ಮೇಲೆ ಚಪ್ಪಟೆ ತುದಿಯ ಬೆರಳುಗಳು ಕಂಡವು. ತಲೆ ಎತ್ತಿದರೆ ಮೇಷ್ಟ್ರು. ಏದುಸಿರು. ಪಕ್ಕದಲ್ಲಿ ಅವರ ಹೆಂಡತಿ ತೋಳು ಹಿಡಿದು ನಿಂತಿದ್ದರು. ನಾನು ವಯಸ್ಸು ಕೇಳಿದೆ. ಬಾಯಿ ತೆರೆದರು, ದನಿ ಬರಲಿಲ್ಲ. ಒಳಗಿನ ಬಾಗಿಲನ್ನೇ ನೋಡುತ್ತಿದ್ದ ಅವರ ಕಣ್ಣಲ್ಲಿದ್ದದ್ದು ನನಗೆ ಚೆನ್ನಾಗಿ ಗೊತ್ತಿದ್ದ ಹೆದರಿಕೆ. ಪೆನ್ನು ಕೆಳಗಿಟ್ಟೆ.

"ಮೇಷ್ಟ್ರೇ, ತಿಂಡಿ ಏನು ತಿಂದ್ರಿ?"

ನನ್ನನ್ನೇ ನೋಡಿದರು. "ಇಡ್ಲಿ... ಎರಡು." ಆಮೇಲೆ ತುಟಿಯಂಚಿನಲ್ಲಿ ಸಣ್ಣ ನಗು. "ನಂಗೇ ತಿರುಗುಸ್ತೀಯಾ?" ವಯಸ್ಸನ್ನು ತಾವೇ ಹೇಳಿದರು. ಎಪ್ಪತ್ತೊಂದು. ನಾನು ಏಳಕ್ಕೆ ಅಡ್ಡಗೆರೆ ಎಳೆಯುವವರೆಗೂ ಕಾದಿದ್ದು, ಅದನ್ನು ನೋಡಿಯೇ ಒಳಗೆ ಹೋದರು.

ನಾಲ್ಕನೆಯ ದಿನ ತೀರಿಕೊಂಡರು.

ಫಾರಂ ತುಂಬಿಸಲು ಬರುವವರಲ್ಲಿ ಕೆಲವರು ಕೌಂಟರಿನ ಮುಂದೆ ನಿಂತು ಸ್ವಂತ ಹೆಸರನ್ನೇ ಮರೆಯುತ್ತಾರೆ. ಹಿಂದೆ ಸಾಲು ಬೆಳೆಯುತ್ತಿದ್ದರೂ ನಾನು ಅವರ ತಿಂಡಿ ವಿಚಾರಿಸುತ್ತೇನೆ. ಯಾರೋ ಗೊಣಗುತ್ತಾರೆ. ಗೊಣಗಲಿ. ನನಗೂ ಇವತ್ತಿನವರೆಗೆ ಹೆದರಿಕೆ ಹೋಗಿಲ್ಲ. ದಿನಾ ಬೆಳಿಗ್ಗೆ ಗೇಟಿನಲ್ಲಿ ವಾಚ್‌ಮನ್ನನ್ನು ಮಾತಾಡಿಸಿಯೇ ಒಳಗೆ ಬರುತ್ತೇನೆ.