ಗೇಣಿನಲ್ಲಿ ಸಿನಿಮಾ ಅಳೆದ ಚಾಂದಬಿ ಚಾಚಿ

ಚಾಂದಬಿ ಚಾಚಿ ಸಿನಿಮಾಗಳನ್ನು ಗೇಣಿನಿಂದ ಅಳೆಯುತ್ತಿದ್ದಳು. ಸಂಜೆಯ ಆಟ ಮುಗಿದೊಡನೆ ಮಗ್ಗದ ಹಲಗೆಯಿಂದ ಇಳಿದು, ಅಷ್ಟು ಹೊತ್ತು ನೇಯ್ದ ಜಮಖಾನೆಯ ಮೇಲೆ ಬಲಗೈ ಅಗಲಿಸಿ ಇಟ್ಟು ತೀರ್ಪು ಕೊಡುತ್ತಿದ್ದಳು. "ಅಗದಿ ತುಂಬ ಗೇಣ ನೇಯ್ದೀನಿ ನೋಡ್ರಿ. ಸಿನಿಮಾ ಸುಳ್ಳ." ನಾಲ್ಕು ಬೆರಳಷ್ಟೇ ಆಗಿದ್ದರೆ, "ಇದು ಗಟ್ಟಿ ಐತ್ರಿ. ಕೈ ನಿಂತ ನಿಂತ ಹೋದುವು" ಎನ್ನುತ್ತಿದ್ದಳು. ಟಾಕೀಸಿನೊಳಗೆ ಕಾಲಿಡದ ಹೆಂಗಸು ಹೀಗೆ ತೀರ್ಪು ಕೊಡುವುದನ್ನು ಕಂಡು ನನಗೆ ನಗು ತಡೆಯುತ್ತಿರಲಿಲ್ಲ. ಅವಳನ್ನು ನೋಡಿ ನಕ್ಕವರಲ್ಲಿ ನಾನೇ ಮೊದಲಿಗಳು ಎಂದು ಈಗಲೇ ಒಪ್ಪಿಕೊಂಡುಬಿಡುತ್ತೇನೆ. ಆಮೇಲೆ ಒಪ್ಪಿಕೊಳ್ಳುವುದು ಇನ್ನೂ ಕಷ್ಟ.

ಎಪ್ಪತ್ತರ ದಶಕದ ಮಾತು. ನಾನು ಅಣ್ಣಿಗೇರಿಯವಳು. ನವಲಗುಂದದ ಹೆಣ್ಣುಮಕ್ಕಳ ಶಾಲೆಗೆ ಹೊಸದಾಗಿ ಶಿಕ್ಷಕಿಯಾಗಿ ಸೇರಿ, ಚಾಚಿಯ ಮನೆಯ ಮುಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದೆ. ಊರವರಿಗೆ ನಾನು 'ಅಕ್ಕೋರು'. ಹಿಂದಿನ ಕೋಣೆಯಲ್ಲಿ ಗೋಡೆಯೆತ್ತರದ ಮಗ್ಗ. ಹಲಗೆಯ ಮೇಲೆ ಕಾಲು ಇಳಿಬಿಟ್ಟು ಕೂತು, ಎಳೆ ಪೋಣಿಸಿ, ಕಬ್ಬಿಣದ ಹಣಿಗೆಯಿಂದ ಟಪ್ ಟಪ್ ಎಂದು ಬಡಿದು ಕೂರಿಸುವುದೇ ಚಾಚಿಯ ಮೂವತ್ತು ವರ್ಷದ ಬದುಕು. ಆ ಕೆಲಸ ಅವರ ಮನೆತನದಲ್ಲಿ ಸೊಸೆಗೆ ಬರುತ್ತಿತ್ತೇ ಹೊರತು ಮಗಳಿಗೆ ಬರುತ್ತಿರಲಿಲ್ಲ. ಮಗಳು ಕೊಟ್ಟ ಮನೆಗೆ ವಿದ್ಯೆಯನ್ನೂ ಹೊತ್ತುಕೊಂಡು ಹೋದಾಳು ಎಂಬ ಭಯ. ಚಾಚಿಯೂ ಅತ್ತೆಯಿಂದಲೇ ಕಲಿತವಳು, ತನ್ನ ಸೊಸೆ ರಜಿಯಾಳಿಗೆ ಕಲಿಸುತ್ತಿದ್ದಳು.

ಮನೆಯ ಹಿಂದೆ ಬಯಲು. ಸುಗ್ಗಿ ಮುಗಿದು ಮಳೆ ಹಿಡಿಯುವವರೆಗೆ ಅಲ್ಲಿ ಶಿವಪುತ್ರಪ್ಪನ ಟೆಂಟ್ ಟಾಕೀಸು. ಟೆಂಟಿನ ಒಂದು ಹಗ್ಗವನ್ನು ಚಾಚಿಯ ಹಿತ್ತಲ ಗೋಡೆಯ ಕಲ್ಲಿನ ಬಳೆಗೆ ಕಟ್ಟದೆ ಬೇರೆ ದಾರಿಯಿರಲಿಲ್ಲ. ಅದಕ್ಕಾಗಿ ಪ್ರತಿ ವರ್ಷ ಅವನು ಟೊಪ್ಪಿಗೆ ಸರಿಮಾಡಿಕೊಂಡು ಬಂದು ಅಪ್ಪಣೆ ಕೇಳುತ್ತಿದ್ದ, ಮನೆಮಂದಿಗೆಲ್ಲ ಪುಗಸಟ್ಟೆ ಪಾಸು ಕೊಡುತ್ತಿದ್ದ. ಚಾಚಿ ತನ್ನ ಪಾಸನ್ನು ಯಾರಿಗಾದರೂ ದಾನ ಮಾಡಿಬಿಡುತ್ತಿದ್ದಳು. ಕಾರಣ ಅವಳ ಮೊಣಕಾಲು. ಹಲಗೆಯ ಮೇಲೆ ಇಳಿಬಿಟ್ಟು ಇಳಿಬಿಟ್ಟು ಅವು ಮಡಚುವುದನ್ನೇ ಮರೆತಿದ್ದವು. ಟಾಕೀಸಿನಲ್ಲಿ ಗಂಡಸರಿಗೆ ಬೆಂಚು, ಕುರ್ಚಿ ಎರಡೂ ಇದ್ದವು. ಪರದೆ ಕಟ್ಟಿದ ಹೆಂಗಸರ ಕಡೆ ಬರೀ ನೆಲ, ಅದರ ಮೇಲೆ ಗೋಣಿತಟ್ಟು. ಮೂರು ತಾಸು ಅಲ್ಲಿ ಕೂರುವುದು ಅವಳಿಂದ ಸಾಧ್ಯವಿರಲಿಲ್ಲ. ಹಾಗಾಗಿ ಮಗ್ಗದ ಮೇಲೇ ಕೂತು, ಟೆಂಟಿನ ಬಟ್ಟೆಯಾಚೆಯ ಸಿನಿಮಾವನ್ನು ಕಿವಿಯಿಂದ ನೋಡುತ್ತಿದ್ದಳು. ನಾನು ಚೇಷ್ಟೆ ಮಾಡಿದರೆ ಒಂದೇ ಉತ್ತರ: "ಕಣ್ಣ ಲಂಚಾ ತಗೋತಾವ್ರಿ ಅಕ್ಕೋರ. ಚಲೋ ಸೀರಿ, ಚಲೋ ಮಾರಿ ಕಂಡ್ರ ಸಾಕು, ಹಲ್ಲ ಕಿಸೀತಾವ. ಕಿವಿ ಹಂಗಲ್ಲ."

ಶಿವಪುತ್ರಪ್ಪನಿಗೆ ಇನ್ನೊಂದು ಹೆಮ್ಮೆಯಿತ್ತು. ರಾಜ್ಯದ ಸಿನಿಮಾ ಪ್ರಶಸ್ತಿಗಳು ಪ್ರಕಟವಾಗುವ ಮುನ್ನ, ಯಾರಿಗೆ ಬರುತ್ತವೆ ಎಂದು ಟಿಕೀಟು ಕೊಡುವ ಕಿಂಡಿಯ ಪಕ್ಕದ ಕಪ್ಪು ಹಲಗೆಯ ಮೇಲೆ ಬರೆಸಿ ಹಾಕುತ್ತಿದ್ದ. "ಪ್ರಶಸ್ತಿ ಬೆಂಗಳೂರಾಗ ಕೊಡ್ತಾರ, ನಾ ನವಲಗುಂದದಾಗ ಮೊದಲ ಹೇಳ್ತೀನಿ" ಎನ್ನುತ್ತಿದ್ದ. ಹುಬ್ಬಳ್ಳಿಗೆ ರೀಲಿನ ಡಬ್ಬಿ ತರಲು ಹೋದಾಗ ಅಲ್ಲಿ ಕೇಳಿದ ಸುದ್ದಿ, ನನ್ನ ಸಿನಿಮಾ ವಾರಪತ್ರಿಕೆಯಲ್ಲಿ ಓದಿದ ಸುದ್ದಿ, ಎರಡನ್ನೂ ಬೆರೆಸಿ ಪಟ್ಟಿ ಮಾಡುತ್ತಿದ್ದ. ಅವನ ಅಕ್ಷರ ಕೋಳಿಕಾಲು. ಹಲಗೆ ಬರೆಯುವ ಕೆಲಸ ನನ್ನದು. ನಿಜ ಹೇಳಬೇಕೆಂದರೆ ಪಟ್ಟಿಯ ಅರ್ಧ ಗರ್ವವೂ ನನ್ನದೇ.

ಆ ವರ್ಷ ಒಂದು ಮುಂಜಾನೆ ಅವನು ಹಗ್ಗದ ಗಂಟು ನೋಡಲು ಹಿತ್ತಲಿಗೆ ಬಂದವನು ಪಟ್ಟಿಯನ್ನು ಚಾಚಿಗೆ ಒಪ್ಪಿಸಿದ. ಒಳ್ಳೆಯ ಚಿತ್ರ, ನಾಯಕ, ನಾಯಕಿ, ಮೂರಕ್ಕೂ ಚಾಚಿ ಹೌದೆಂದು ತಲೆಯಾಡಿಸಿದಳು.

"ಇನ್ನ ಪೋಷಕ ನಟ. ಅದು ಆ ಮದವಿ ಸಿನಿಮಾದ ನಗಸಾಂವಗ. ಹೌದಲ್ರಿ ಅಕ್ಕೋರ?"

"ಹೌದ್ರಿ. ಪತ್ರಿಕಿಯೊಳಗೂ ಹಂಗ ಬಂದೈತಿ" ಎಂದೆ ನಾನು.

"ಅಂವಗಲ್ಲ" ಎಂದಳು ಚಾಚಿ. "ಕೆಮ್ಮಾಂವಗ ಬರತೈತಿ."

"ಯಾಂವ ಚಾಚಿ, ಕೆಮ್ಮಾಂವ?"

"ಟಾಂಗಾ ಹೊಡಿಯೂ ಹುಡುಗನ ಅಪ್ಪ. ನೀ ಮೂರ ದಿನಕ್ಕ ಕಿತ್ತ ಕಳಿಸಿದಿ ನೋಡು, ಆ ಸಿನಿಮಾದಾಂವ."

ಶಿವಪುತ್ರಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಂವಗ ಇಡೀ ಸಿನಿಮಾದಾಗ ಹತ್ತ ಮಾತಿಲ್ಲ! ಕೆಮ್ಮಿದ್ದಕ್ಕ ಪ್ರಶಸ್ತಿ ಕೊಡೂದಾದ್ರ ನಮ್ಮಪ್ಪಗ ಎರಡ ಬರಬೇಕಿತ್ತು."

ಚಾಚಿ ನಗಲಿಲ್ಲ. "ಮಗಾ ಕುದುರಿ ಮಾರಿ ಬಂದ ಬಾಗಲದಾಗ ನಿಂತಾನ. ಅಪ್ಪಗ ಗೊತ್ತಾಗೇತಿ. ಈಗ ಬೈತಾನ, ಆಗ ಬೈತಾನ ಅಂತ ಮಂದಿ ಕಾಯಾಕತ್ತೈತಿ. ಅಂವ ಒಂದ ಸಲಾ ಕೆಮ್ಮಿ, 'ಊಟಾ ಆತೇನಪಾ?' ಅಂದಾ. ಅಷ್ಟ. ಆವಾಗ ನಿನ್ನ ಟಾಕೀಸಿನ್ಯಾಗ ಶೇಂಗಾ ಒಡಿಯೂ ಸಪ್ಪಳ ನಿಂತಿತ್ತು. ಮೂರೂ ದಿನಾ ಅದ ಮಾತಿಗೆ ನಿಂತಿತ್ತು. ನಿನ್ನ ನಗಸಾಂವ ಬಂದಾಗ ಮಂದಿ ನಕ್ಕೋತನೂ ಶೇಂಗಾ ತಿಂದಾರ."

ಆಮೇಲೆ ನಮ್ಮಿಬ್ಬರನ್ನೂ ಮಗ್ಗದ ಮುಂದೆ ನಿಲ್ಲಿಸಿದಳು. ಜಮಖಾನೆ ಕೆಳಗಿನಿಂದ ಮೇಲಕ್ಕೆ ಬೆಳೆಯುತ್ತದೆ. ನವಿಲಿಗೆ ಮೊದಲು ಕಾಲು, ಆಮೇಲೆ ಮೈ. ಸಾಲಾಗಿ ನಿಂತ ನವಿಲುಗಳಲ್ಲಿ ಒಂದಕ್ಕೆ ಒಂದೇ ಕಾಲಿತ್ತು. "ಚಲೋ ಸಿನಿಮಾಕ್ಕ ಕೈ ನಿಲ್ಲತಾವ. ಈ ಕೆಮ್ಮಾಂವಗ ನಿಲ್ಲಲಿಲ್ಲ, ತಾವ ಏನ ಮಾಡಾಕತ್ತೀವಿ ಅನ್ನೂದನ್ನ ಮರತುವು. ಮೂವತ್ತ ವರ್ಷದಾಗ ಹಿಂಗ ಆಗಿದ್ದಿಲ್ಲ." ಅಷ್ಟು ಬಿಚ್ಚಿ ಮತ್ತೆ ನೇಯೋಣ ಎಂದು ರಜಿಯಾ ಎಷ್ಟು ಹೇಳಿದ್ದರೂ ಚಾಚಿ ಕೇಳಿರಲಿಲ್ಲ. ಅವಳ ಪಾಲಿಗೆ ಅದು ಸಾಕ್ಷಿ.

"ಪೈಜ ಕಟ್ಟೂಣು?" ಎಂದ ಶಿವಪುತ್ರಪ್ಪ, ಇನ್ನೂ ನಗುತ್ತಲೇ.

"ಕಟ್ಟೂಣು. ನಾ ಸೋತರ ನಿನ್ನ ಟಾಕೀಸಿನ ಹೆಸರ ಹಾಕಿ ದೊಡ್ಡ ಜಮಖಾನಿ ನೇಯ್ದ ಕೊಡ್ತೀನಿ, ಪುಗಸಟ್ಟೆ. ಗೆದ್ದರ ಹೆಣಮಕ್ಕಳ ಕಡೆ ಬೆಂಚ ಹಾಕಬೇಕು. ಅಕ್ಕೋರ, ಹಲಗಿ ಮ್ಯಾಲೆ ನಂದೂ ಬರೀರಿ."

ದೊಡ್ಡ ಜಮಖಾನೆಯೆಂದರೆ ಎರಡು ತಿಂಗಳ ದುಡಿಮೆ. ಅವನು ಹೋದ ಮೇಲೆ, ಇದೆಲ್ಲ ಯಾಕೆ ಬೇಕಿತ್ತು ಎಂದು ಕೇಳಿದೆ. ಚಾಚಿ ಹಣಿಗೆ ಕೆಳಗಿಟ್ಟಳು. "ಒಂದ ಸಲಾ ಆ ಕೆಮ್ಮಾಂವನ ಮಾರಿ ನೋಡಬೇಕ್ರಿ ಅಕ್ಕೋರ. ಅಷ್ಟ ನನ್ನ ಆಶಾ." ಅದುವರೆಗೆ ಅವಳಿಗೆ ಸಿನಿಮಾ ನೋಡುವ ಆಸೆಯಿದೆ ಎಂದೇ ನನಗೆ ಹೊಳೆದಿರಲಿಲ್ಲ. ಅದೇ ಮನೆಯಲ್ಲಿ ಉಂಡು ಮಲಗುತ್ತಿದ್ದ ನನಗೆ ನಾಚಿಕೆಯಾಯಿತು.

ಆ ನಟನ ಹೆಸರು ಅವಳಿಗೂ ಗೊತ್ತಿರಲಿಲ್ಲ, ನನಗೂ ಇಲ್ಲ. ನನ್ನ ಹಳೆಯ ಪತ್ರಿಕೆಗಳನ್ನೆಲ್ಲ ಹುಡುಕಿದರೂ ಸಿಗಲಿಲ್ಲ. ಕಡೆಗೆ ಹಲಗೆಯ ಮೇಲೆ 'ಪೋಷಕ ನಟ — ಚಾಂದಬಿಯವರ ಪ್ರಕಾರ: ಕೆಮ್ಮುವ ಅಪ್ಪ' ಎಂದು ಬರೆದೆ. ಊರಿಗೆ ಅಷ್ಟೇ ಸಾಕಾಯಿತು. ಚಾಚಿ ಬಾಗಿಲಿಗೆ ಬಂದರೆ ಪಾನಪಟ್ಟಿ ಅಂಗಡಿಯಿಂದ ಒಂದು ಕೆಮ್ಮು. ನೀರಿಗೆ ಹೋದರೆ ಎರಡು ಕೆಮ್ಮು. ನನ್ನ ಶಾಲೆಯ ಹುಡುಗಿಯರೂ ಅವಳ ಮನೆ ದಾಟುವಾಗ ಸೆರಗು ಬಾಯಿಗಿಟ್ಟು ಕೆಮ್ಮತೊಡಗಿದರು. ರಜಿಯಾ ಅತ್ತುಬಿಟ್ಟಳು. ಚಾಚಿ ಮಾತ್ರ, "ಕೆಮ್ಮಲಿ ಬಿಡು. ಗಂಟಲ ಸ್ವಚ್ಛ ಆಗತೈತಿ" ಎಂದು ಹಣಿಗೆ ಬಡಿದಳು. ಆದರೆ ಆ ದಿನಗಳಲ್ಲಿ ಅವಳು ಬಡಿಯುತ್ತಿದ್ದ ಪೆಟ್ಟು ಸ್ವಲ್ಪ ಜೋರಾಗಿಯೇ ಇರುತ್ತಿತ್ತು.

ಪ್ರಶಸ್ತಿ ಪ್ರಕಟವಾಗುವ ದಿನ ಶನಿವಾರ. ಶಾಲೆ ಬೆಳಗಿನದಷ್ಟೇ. ಶಿವಪುತ್ರಪ್ಪನಿಗೆ ತನ್ನ ಗೆಲುವಿನ ಮೇಲೆ ಎಂಥ ಭರವಸೆಯೆಂದರೆ, ರೇಡಿಯೋವನ್ನು ಟೆಂಟಿನ ಮೈಕಿನ ಮುಂದೆ ಇಡಿಸಿ, ಮಧ್ಯಾಹ್ನದ ಸುದ್ದಿ ಊರಿಗೆಲ್ಲ ಕೇಳುವಂತೆ ಮಾಡಿದ್ದ. ಬಯಲಿನಲ್ಲಿ ಜನ ನೆರೆದರು. ನಾನು ಹಿತ್ತಲ ಬಾಗಿಲಲ್ಲಿ ನಿಂತೆ. ಒಳಗೆ ಚಾಚಿ ಎಂದಿನಂತೆ ನೇಯುತ್ತಿದ್ದಳು.

ಒಳ್ಳೆಯ ಚಿತ್ರ, ಶಿವಪುತ್ರಪ್ಪ ಬರೆಸಿದ್ದೇ. ನಾಯಕ, ಅವನು ಬರೆಸಿದವನೇ. ನಾಯಕಿ, ಅವಳೇ. ಒಂದೊಂದು ಹೆಸರಿಗೂ ಬಯಲಿನಲ್ಲಿ ಸಿಳ್ಳೆ. ಶಿವಪುತ್ರಪ್ಪ ಟೊಪ್ಪಿಗೆ ತೆಗೆದು ಎಲ್ಲರಿಗೂ ಕೈ ಮುಗಿಯುತ್ತಿದ್ದ. ಆಮೇಲೆ ಪೋಷಕ ನಟ. ರೇಡಿಯೋ ಒಂದು ಹೆಸರು ಹೇಳಿತು. ನಗಿಸುವವನ ಹೆಸರಲ್ಲ. ಯಾರೂ ಕೇಳಿದ್ದ ಹೆಸರೇ ಅಲ್ಲ. ಜನ ಮುಖ ಮುಖ ನೋಡಿಕೊಂಡರು. ಒಳಗೆ ಹಣಿಗೆಯ ಸಪ್ಪಳ ನಿಂತಿತು. ಪಟ್ಟಿ ನನ್ನದೇ ಆಗಿದ್ದರೂ ಆ ಕ್ಷಣ ನಾನು ಬೇಡಿಕೊಂಡದ್ದು ಅದು ಸುಳ್ಳಾಗಲಿ ಎಂದೇ. ರೇಡಿಯೋ ಮಾತು ಮುಂದುವರಿಸಿ ಸಿನಿಮಾದ ಹೆಸರು ಹೇಳಿತು. ಮೂರು ದಿನಕ್ಕೆ ಕಿತ್ತು ಕಳಿಸಿದ್ದ ಅದೇ ಸಿನಿಮಾ. "ಟಾಂಗಾವಾಲನ ತಂದೆಯ ಪಾತ್ರಕ್ಕಾಗಿ" ಎಂದಿತು.

ಪಾನಪಟ್ಟಿ ಅಂಗಡಿಯ ಕಡೆಯಿಂದ ಯಾರೋ ಒಬ್ಬ ಕೆಮ್ಮಿದ. ಅಣಕಿಸುವ ಕೆಮ್ಮಲ್ಲ, ತಲೆಬಾಗಿದ ಕೆಮ್ಮು. ಅವನ ಹಿಂದೆ ಇನ್ನೊಬ್ಬ. ಆಮೇಲೆ ಹತ್ತು ಜನ, ಆಮೇಲೆ ಬಯಲಿಗೆ ಬಯಲೇ ಕೆಮ್ಮಿತು. ಮುದುಕರು ಕೆಮ್ಮಿದರು, ಬುತ್ತಿಗಂಟು ತಲೆಯ ಮೇಲಿದ್ದ ಹೆಂಗಸರು ಕೆಮ್ಮಿದರು, ಹುಬ್ಬಳ್ಳಿ ಬಸ್ಸಿಗೆ ಕಾಯುತ್ತಿದ್ದವರು ಏನೆಂದು ತಿಳಿಯದೆಯೇ ಕೆಮ್ಮಿದರು. ನಾನು ಒಳಗೆ ಓಡಿದೆ. ಚಾಚಿ ಹಲಗೆಯ ಮೇಲೆ ನೆಟ್ಟಗೆ ಕೂತಿದ್ದಳು, ಕಣ್ಣಲ್ಲಿ ನೀರು, ಬಾಯಲ್ಲಿ ನಗು. "ಕೇಳಿದ್ರೇನು ಅಕ್ಕೋರ? ಊರ ಗಂಟಲ ಸ್ವಚ್ಛ ಆತು" ಎಂದಳು. ನಾನು ಅವಳನ್ನು ಅಪ್ಪಿಕೊಂಡೆ. ಅಂಥ ಸೋಲು ಜೀವನದಲ್ಲಿ ಮತ್ತೆ ನನಗೆ ಸಿಕ್ಕಿಲ್ಲ.

ಶಿವಪುತ್ರಪ್ಪ ಮಾತಿಗೆ ತಪ್ಪುವವನಲ್ಲ. ಅವನ ಸೋದರಮಾವ ಕಲಘಟಗಿಯಲ್ಲಿ ಬಣ್ಣದ ತೊಟ್ಟಿಲು ಮಾಡುವವನು. ಬೆಂಚು ಮಾಡಿಕೊಡೆಂದು ಅವನಿಗೇ ಹೇಳಿದ. ಆ ಪುಣ್ಯಾತ್ಮನಿಗೆ ಮರ ಕಂಡರೆ ಹೂವು ಬಳ್ಳಿ ಬರೆಯದೆ ಕೈ ನಿಲ್ಲದು. ಚಕ್ಕಡಿಯಲ್ಲಿ ಬಂದಿಳಿದ ಆರು ಬೆಂಚುಗಳೂ ಕೆಂಪು ಹಳದಿ ಬಣ್ಣ ಬಳಿದುಕೊಂಡು ಬಾಣಂತಿಯ ಮನೆಗೆ ಹೊರಟಂತಿದ್ದವು. ಗಂಡಸರ ಕಡೆಯ ಬೋಳು ಬೆಂಚುಗಳು ಅವುಗಳ ಮುಂದೆ ಸಪ್ಪಗಾದವು. ಶಿವಪುತ್ರಪ್ಪ ಹುಬ್ಬಳ್ಳಿಗೆ ಹೋಗಿ ಅದೇ ಸಿನಿಮಾವನ್ನು ಮತ್ತೆ ತಂದ. ಮೊದಲ ಬೆಂಚಿನ ನಡುವೆ ಚಾಂದಬಿ ಚಾಚಿ ಕಾಲು ಇಳಿಬಿಟ್ಟು ಕೂತಳು. ಬಾಜೂಕೆ ನಾನು.

ಕೆಮ್ಮುವ ಅಪ್ಪ ತೆರೆಯ ಮೇಲೆ ಬಂದಾಗ ಚಾಚಿ ನನ್ನ ಕೈ ಹಿಡಿದಳು. "ಅಯ್ಯ, ಇಷ್ಟ ಸಣ್ಣ ಮನಿಷ್ಯಾ ಏನ್ರಿ ಇಂವ!" ಎಂದು ಪಿಸುಗುಟ್ಟಿದಳು. ಕಣ್ಣು ಮಿಟುಕಿಸದೆ ಅವನನ್ನೇ ನೋಡಿದಳು, ಅವನ ತೇಪೆ ಹಾಕಿದ ಅಂಗಿ, ಅವನ ನರೆತ ಗಡ್ಡ. ಮಗ ಬಾಗಿಲಿಗೆ ಬಂದು ನಿಂತ. ಅಪ್ಪ ತಲೆಯೆತ್ತಿದ. ಸರಿಯಾಗಿ ಆ ಹೊತ್ತಿಗೆ ಚಾಚಿ ಕಣ್ಣು ಮುಚ್ಚಿಕೊಂಡಳು. ಕೆಮ್ಮು ಕೇಳಿತು, ಮಾತು ಕೇಳಿತು. ಟಾಕೀಸಿನಲ್ಲಿ ಒಂದು ಶೇಂಗಾ ಒಡೆಯಲಿಲ್ಲ.

ಆಮೇಲೆ ಪ್ರತಿ ವರ್ಷ ಹಲಗೆ ಬರೆಯುವ ಮುನ್ನ ಶಿವಪುತ್ರಪ್ಪ ಮಗ್ಗದ ಮುಂದೆ ಬಂದು ನಿಲ್ಲುತ್ತಿದ್ದ. ಒಮ್ಮೊಮ್ಮೆ ಅವಳ ಮಾತೂ ತಪ್ಪುತ್ತಿತ್ತು. ಆಗ, "ಬೆಂಗಳೂರಾಗ ಶೇಂಗಾ ತಿನ್ನೂದಿಲ್ಲ ಕಾಣತೈತಿ" ಎಂದು ತಳ್ಳಿಹಾಕುತ್ತಿದ್ದಳು. ಹುಬ್ಬಳ್ಳಿಯ ಗಿರಾಕಿಯೊಬ್ಬ ತನಗೂ ಒಂಟಿಗಾಲಿನ ನವಿಲೇ ಬೇಕೆಂದು ಹಟ ಹಿಡಿದಾಗ, "ತಿಳದ ಮಾಡಿದ್ರ ಅದು ತಪ್ಪಲ್ರಿ, ಸುಳ್ಳ ಆಗತೈತಿ" ಎಂದು ಕಳಿಸಿಬಿಟ್ಟಳು. ನನಗೆ ಯರಗುಪ್ಪಿಗೆ ವರ್ಗವಾದಾಗ ಒಂಟಿಗಾಲಿನ ನವಿಲಿನ ಆ ಜಮಖಾನೆಯನ್ನು ಸುತ್ತಿ ನನ್ನ ಕೈಗೆ ಕೊಟ್ಟಳು. ಬಸ್ಸು ಹೊರಡುವಾಗ ಕಿಟಕಿಯ ಕೆಳಗೆ ನಿಂತು, "ಅಕ್ಕೋರ, ಊಟಾ ಆತೇನ್ರಿ?" ಎಂದು ಕೇಳಿದಳು. ಅದೇ ನಮ್ಮ ಕಡೆಯ ಮಾತು.

ದಶಕ ಮುಗಿಯುವ ಮುನ್ನ ಚಾಚಿ ತೀರಿಕೊಂಡಳು. ಸುದ್ದಿ ತಿಳಿದು ನಾನು ಹೋಗಿ ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು. ಹಿಂದಿನ ಬಯಲಿನಲ್ಲಿ ಟೆಂಟು ಇತ್ತು, ಹಗ್ಗ ಕಲ್ಲಿನ ಬಳೆಯಲ್ಲೇ ಇತ್ತು, ಹಲಗೆಯ ಮೇಲೆ ಕೋಳಿಕಾಲಿನ ಅಕ್ಷರದಲ್ಲಿ 'ಇಂದು ಆಟ ಇಲ್ಲ' ಎಂದು ಬರೆದಿತ್ತು. ಮನೆಯ ಅಂಗಳಕ್ಕೆ ಕಾಲಿಟ್ಟರೆ, ಮಾತಾಡಿಸಲು ಬಂದ ಹೆಂಗಸರಲ್ಲಿ ಒಬ್ಬರೂ ನೆಲದ ಮೇಲಿರಲಿಲ್ಲ. ಹೂವು ಬಳ್ಳಿಯ ಆರು ಬೆಂಚುಗಳನ್ನೂ ಶಿವಪುತ್ರಪ್ಪ ಟಾಕೀಸಿನಿಂದ ಹೊರಿಸಿ ತಂದು ಅಲ್ಲಿ ಹಾಕಿಸಿದ್ದ. ಮೊದಲ ಬೆಂಚಿನ ನಡುವೆ ಜಾಗ ಖಾಲಿಯಿತ್ತು. ರಜಿಯಾ ನನ್ನನ್ನು ಕರೆದು ಅದರ ಬಾಜೂಕೆ ಕೂರಿಸಿದಳು.

ಶಿವಪುತ್ರಪ್ಪ ಅಂಗಳದ ಬಾಗಿಲಲ್ಲಿ ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಂತಿದ್ದ. ನನ್ನನ್ನು ಕಂಡು ಏನೋ ಹೇಳಲು ಬಾಯಿ ತೆರೆದ. ಒಂದು ಸಲ ಕೆಮ್ಮಿದ.

ನಾನೂ ಕೆಮ್ಮಿದೆ.