ಬ್ರೆಡ್ಡಿಗೆಂದು ಹೆಣೆದ ಹೊದಿಕೆ

ನಾನು ಚಿಕ್ಕವನಿದ್ದಾಗ ಶುಕ್ರವಾರ ಸಂಜೆಯಾದರೆ ನಮ್ಮ ಬೇಲಿಯ ಎರಡೂ ಕಡೆ ದೀಪ ಹಚ್ಚುತ್ತಿದ್ದರು. ಈ ಕಡೆ ಅಮ್ಮ ಲಕ್ಷ್ಮಿಯ ಮುಂದೆ ತುಪ್ಪದ ದೀಪ ಹಚ್ಚಿದರೆ, ಆ ಕಡೆ ಪಕ್ಕದ ಮನೆಯ ಆಂಟಿ ಎರಡು ಮೇಣದಬತ್ತಿ ಹಚ್ಚಿ, ಅಂಗೈಯಿಂದ ಕಣ್ಣು ಮುಚ್ಚಿಕೊಂಡು ಪ್ರಾರ್ಥಿಸುತ್ತಿದ್ದರು. ಅವರು ಯಹೂದಿಗಳು. ನಾವು ಮೈಸೂರಿನಿಂದ ಆಸ್ಟ್ರೇಲಿಯಾದ ಪರ್ತ್‌ಗೆ ಬಂದು ಆಗಿನ್ನೂ ಒಂದು ವರ್ಷವಾಗಿತ್ತು. ಅಪ್ಪ ವೆಲ್ಷ್‌ಪೂಲ್‌ನ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್ ಆಗಿದ್ದರು. ಕನ್ನಡ ಮಾತನಾಡುವ ಇನ್ನೊಂದು ಮನೆ ಆ ಊರಲ್ಲಿ ನಮಗೆ ಗೊತ್ತಿರಲಿಲ್ಲ. ಹಾಗಾಗಿ ಆಂಟಿಯ ಅಡುಗೆಮನೆಯೇ ನನಗೂ ಅಕ್ಕನಿಗೂ ನೆಂಟರ ಮನೆಯಾಗಿತ್ತು.

ಪ್ರತಿ ಶುಕ್ರವಾರ ಅಲ್ಲಿಂದ ಬಿಸಿ ಬ್ರೆಡ್ಡಿನ ಘಮ ಬೇಲಿ ದಾಟಿ ಬರುತ್ತಿತ್ತು. ಅದು ಅಂಗಡಿಯ ಬ್ರೆಡ್ ಅಲ್ಲ. ಹಿಟ್ಟನ್ನು ಅಕ್ಕನ ಜಡೆಯ ಹಾಗೆ ಹೆಣೆದು, ಮೇಲೆ ಮೊಟ್ಟೆ ಸವರಿ, ಎಳ್ಳು ಉದುರಿಸಿ ಬೇಯಿಸಿದ್ದು. ಊಟಕ್ಕೆ ಕೂರುವ ಮೊದಲು ಅದರ ಮೇಲೆ ಒಂದು ಬಿಳಿಯ ಹೊದಿಕೆ ಹೊದಿಸುತ್ತಿದ್ದರು. ಅದು ಆಂಟಿಯ ಅಮ್ಮ ಕ್ರೋಶಾ ಕಡ್ಡಿಯಿಂದ ಹೆಣೆದದ್ದು. ಒಗೆದು ಒಗೆದು ಜಾಳಾಗಿದ್ದ ಆ ಹೊದಿಕೆ ಒಂದು ದಿನ ನಡುವೆಯೇ ಹರಿದುಹೋಯಿತು. ಹೊಸದು ಹೆಣೆಯೋಣವೆಂದರೆ ಆಂಟಿಯ ಬೆರಳ ಗಂಟುಗಳು ಊದಿಕೊಂಡಿದ್ದವು. "ನೀವೇ ಹೆಣೆದುಕೊಡಿ ಮಕ್ಕಳೇ, ನಾನು ಹೇಳಿಕೊಡ್ತೀನಿ" ಎಂದರು.

ಅಕ್ಕ ಬಿಳಿಯ ನೂಲು ಹಿಡಿದಳು. ನನಗೆ ಅಮ್ಮ ಸ್ವೆಟರ್ ಹೆಣೆದು ಉಳಿಸಿದ್ದ ಕಿತ್ತಳೆ ಬಣ್ಣದ ಉಲ್ಲನ್ ಸಿಕ್ಕಿತು. ಆ ಶುಕ್ರವಾರ ಮೇಜಿನ ಮೇಲೆ ನನ್ನ ಹೊದಿಕೆಯೇ ಇರಬೇಕು, ಅಕ್ಕನದು ಇರಕೂಡದು ಎಂಬುದೊಂದೇ ನನ್ನ ಆಸೆ. ಈ ದೇಶಕ್ಕೆ ಬಂದ ಮೇಲೆ ಹೊಗಳಿಕೆಯೆಲ್ಲ ಅವಳ ಪಾಲಾಗಿತ್ತು. ಶಾಲೆಯಲ್ಲಿ ಅವಳ ಇಂಗ್ಲಿಷ್ ಕೇಳಿ ಟೀಚರ್ ಭೇಷ್ ಎನ್ನುವರು, ನನ್ನದು ಕೇಳಿ ಇನ್ನೊಮ್ಮೆ ಹೇಳು ಎನ್ನುವರು.

ನಡುವಿನಿಂದ ಶುರುಮಾಡಿ ಸುತ್ತು ಸುತ್ತಾಗಿ ಹೆಣೆಯಬೇಕು. ಸುತ್ತು ದೊಡ್ಡದಾದಂತೆ ಕುಣಿಕೆಗಳನ್ನೂ ಹೆಚ್ಚಿಸುತ್ತ ಹೋದರೆ ಮಾತ್ರ ಹೊದಿಕೆ ಚಪ್ಪಟೆಯಾಗಿ ಹರಡುತ್ತದೆ ಎಂದು ಆಂಟಿ ಹೇಳಿದ್ದರು. ಹೆಚ್ಚಿಸುತ್ತ ಕೂತರೆ ಅಕ್ಕ ಗೆದ್ದುಬಿಡುತ್ತಾಳಲ್ಲ! ನಾನು ಅದನ್ನೆಲ್ಲ ಬಿಟ್ಟು ಸರಸರನೆ ಸುತ್ತಿದೆ. ಆತುರಗಾರನಿಗೆ ಬುದ್ಧಿ ಮಟ್ಟ. ಶುಕ್ರವಾರ ಮಧ್ಯಾಹ್ನ ಅವಳಿಗಿಂತ ಮೊದಲೇ ಮುಗಿಸಿ ಮೇಜಿನ ಮೇಲಿಟ್ಟರೆ, ನನ್ನ ಹೊದಿಕೆ ಅಂಚು ಎತ್ತಿಕೊಂಡು ಗುಂಡಗೆ ಕೂತಿತು.

"ಅಯ್ಯೋ, ಬೋಗುಣಿ ಹೆಣೆದಿದ್ದೀಯಲ್ಲೋ! ಇದ್ರಲ್ಲಿ ಬ್ರೆಡ್ ಮುಚ್ತಾರಾ, ಹುಳಿ ಬಡಿಸ್ತಾರಾ?" ಎಂದು ಅಕ್ಕ ಬಿದ್ದು ಬಿದ್ದು ನಕ್ಕಳು.

"ಸುಮ್ನಿರೇ, ಪಾಪ" ಎಂದ ಅಮ್ಮನೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಬಿಚ್ಚಿ ಮತ್ತೆ ಹೆಣೆಯಲು ಹೊತ್ತಿರಲಿಲ್ಲ. ಸೂರ್ಯ ಮುಳುಗಿದ ಮೇಲೆ ಮರುದಿನ ರಾತ್ರಿಯ ತನಕ ಅವರ ವಾರದ ವಿಶ್ರಾಂತಿ, ಆ ಮನೆಯಲ್ಲಿ ಯಾರೂ ಕೆಲಸ ಮಾಡುವಂತಿರಲಿಲ್ಲ, ಕ್ರೋಶಾ ಕಡ್ಡಿಯನ್ನೂ ಮುಟ್ಟುವಂತಿರಲಿಲ್ಲ.

ಅಂದು ಸಂಜೆ ನಮ್ಮೆಲ್ಲರಿಗೂ ಅಲ್ಲೇ ಊಟ. ಮೈಯೆಲ್ಲ ಬೆಂದುಹೋಗುವಂಥ ಸೆಕೆ, ದಿನಾ ಬರುವ ಕಡಲ ಗಾಳಿಯೂ ಬಂದಿರಲಿಲ್ಲ. ಅಕ್ಕನ ಬಿಳಿಯ ಹೊದಿಕೆ ಬ್ರೆಡ್ಡಿನ ಮೇಲೆ ಅಂದವಾಗಿ ಹರಡಿಕೊಂಡಿತ್ತು. ಬ್ರೆಡ್ಡನ್ನು ಮುಚ್ಚುವುದು ಏಕೆಂದು ಅಪ್ಪ ಕೇಳಿದರು.

"ಮೊದಲ ಪ್ರಾರ್ಥನೆ ದ್ರಾಕ್ಷಾರಸಕ್ಕೆ. ಬ್ರೆಡ್ಡಿಗೆ ಆಮೇಲೆ. ಅದರ ಎದುರಿಗೇ ಇನ್ನೊಂದಕ್ಕೆ ಮರ್ಯಾದೆ ಮಾಡಿದ್ರೆ ಅದಕ್ಕೆ ಬೇಜಾರಾಗಲ್ವಾ?" ಎಂದರು ಆಂಟಿ.

ಬ್ರೆಡ್ಡಿಗೆ ಬೇಜಾರಾಗುತ್ತದಂತೆ, ನನಗೆ ಆಗುವುದಿಲ್ಲವೇ! ಬೋಗುಣಿಯನ್ನು ಬೆನ್ನ ಹಿಂದೆ ಮುದುರಿ ಹಿಡಿದು ಮುಖ ಊದಿಸಿಕೊಂಡು ನಿಂತೆ. ಆಂಟಿಯ ಗಂಡ, ಅಂಕಲ್, ನನ್ನನ್ನೇ ನೋಡುತ್ತಿದ್ದರು. ಅವರು ಮಾತೇ ಆಡದ ಗಂಭೀರ ಮನುಷ್ಯ. ನನಗೆ ಅವರನ್ನು ಕಂಡರೆ ಭಯ.

"ಅದನ್ನ ಇಲ್ಲಿ ಕೊಡು" ಎಂದು ಕೈ ಚಾಚಿದರು. ಕೊಟ್ಟೆ. ಅವರು ಅದನ್ನು ಒಂದು ಸುತ್ತು ತಿರುಗಿಸಿ ನೋಡಿ, ತಮ್ಮ ಕಪ್ಪು ಟೋಪಿ ತೆಗೆದು ನನ್ನ ಬೋಗುಣಿಯನ್ನು ತಲೆಗೆ ಹಾಕಿಕೊಂಡರು. ಯಹೂದಿ ಗಂಡಸರು ಪ್ರಾರ್ಥನೆಗೆ ತಲೆ ಮುಚ್ಚಿಕೊಳ್ಳಬೇಕು. ಅದು ಅವರ ತಲೆಗೆ ಅಳತೆ ಕೊಟ್ಟು ಮಾಡಿಸಿದಷ್ಟು ಸರಿಯಾಗಿ ಕೂತಿತು. ಯಾರೂ ನಗಲಿಲ್ಲ. ಅಂಕಲ್ ಬಟ್ಟಲು ಎತ್ತಿ ಗಟ್ಟಿ ದನಿಯಲ್ಲಿ ಹಾಡತೊಡಗಿದರು.

ಆ ಸೆಕೆಯಲ್ಲಿ ಉಲ್ಲನ್ ಟೋಪಿ! ಬೆವರು ಹಣೆಯಿಂದ ಹುಬ್ಬಿಗೆ, ಹುಬ್ಬಿನಿಂದ ಮೂಗಿಗೆ ಇಳಿಯಿತು. "ಸಾಕು, ಹಳೇದು ಹಾಕ್ಕೊಳ್ಳಿ" ಎಂದು ಆಂಟಿ ಹೇಳಿದರೂ ಅವರು ಕೇಳಲಿಲ್ಲ. ಅಕ್ಕನ ಹೊದಿಕೆಯನ್ನು ಬ್ರೆಡ್ ಮುರಿಯುವ ಮೊದಲೇ ತೆಗೆದು ಮಡಚಿಟ್ಟರು. ನನ್ನದು ಊಟ ಮುಗಿಯುವ ತನಕ ಅಂಕಲ್ ತಲೆಯ ಮೇಲೇ ಇತ್ತು. ನಾನು ತಟ್ಟೆ ಬಿಟ್ಟು ಅದನ್ನೇ ನೋಡುತ್ತ ಕೂತೆ.

ಮೊಮ್ಮಕ್ಕಳೇ, ಈಗ ಅಡಿಲೇಡ್‌ನ ಪ್ರಾಸ್ಪೆಕ್ಟ್‌ನಲ್ಲಿರುವ ನಿಮ್ಮ ಮನೆಯಲ್ಲಿ ಗುಂಡಿ ಒತ್ತಿದರೆ ತಂಪು, ಬ್ರೆಡ್ ಮುಚ್ಚಲು ಪ್ಲಾಸ್ಟಿಕ್ ಹಾಳೆ. ಬ್ರಿಸ್ಬೇನ್‌ನ ನನ್ನ ಇನ್ನೊಬ್ಬ ಮೊಮ್ಮಗ, ನಿಮ್ಮ ತಮ್ಮನಂತೂ ತಾನು ಬರೆದ ಚಿತ್ರವನ್ನು ಫೋನಿನಲ್ಲಿ ತೋರಿಸು ಎಂದರೆ, "ನೋ ತಾತ, ಇಟ್ಸ್ ರಾಂಗ್, ಡಿಲೀಟ್ ಮಾಡ್ಬಿಟ್ಟೆ" ಎನ್ನುತ್ತಾನೆ. ನೀವು ಕೆಡಿಸಿದ್ದು ಯಾರ ಕಣ್ಣಿಗೂ ಬೀಳುವುದೇ ಇಲ್ಲ. ಇನ್ನು ಮೇಲೆ ಹಾಗೆ ಮಾಡಬೇಡಿ, ಮಕ್ಕಳೇ. ಅಳಿಸುವ ಮೊದಲು ನನ್ನ ಹತ್ತಿರ ತನ್ನಿ. ಹಾಕಿಕೊಳ್ಳುವಂಥದ್ದಾದರೆ, ಎಂಥ ಸೆಕೆಯಿದ್ದರೂ ಹಾಕಿಕೊಳ್ಳುತ್ತೇನೆ.