ಕಬ್ಬಿಗೆ ಕೊಡಬ್ಯಾಡ್ರಲೇ

ಚಿಕ್ಕೋಡಿಯ ಕಾಲೇಜಿನಲ್ಲಿ ನಾನು ಫುಟ್‌ಬಾಲ್ ಕಲಿಸಲು ಶುರು ಮಾಡಿದಾಗ ನಕ್ಕವರೇ ಹೆಚ್ಚು. ಕುಸ್ತಿ, ಕಬಡ್ಡಿ ಬಿಟ್ಟರೆ ಬೇರೆ ಆಟವೇ ಇಲ್ಲ ಅನ್ನುತ್ತಿದ್ದ ಕಾಲ ಅದು. ನಗಲಿ ಬಿಡಿ, ಅವರ ಬಾಯಿಗೆ ನಾನೇನು ಬೀಗ ಹಾಕಲೇ?

ನಮ್ಮ ಮೈದಾನಕ್ಕೆ ಮೂರು ಕಡೆ ಕಬ್ಬು. ಆ ಹೊಲದ ಯಜಮಾನ ಒಬ್ಬ ಜೈನ ರೈತ, ನಮಗೆಲ್ಲ ಕಾಕಾ. ಆತ ಒಂದು ಕಟ್ಟಪ್ಪಣೆ ಮಾಡಿದ್ದ.

"ನೋಡ್ರಿ ಸರ್, ಚೆಂಡ ಯಾರು ಒದ್ದಾರ, ಅವ್ರ ಒಬ್ರ ಒಳಗ ಹೋಗಿ ತರಬೇಕು. ದಂಡ ಕಟಗೊಂಡು ನುಗ್ಗಿದ್ರ ನನ್ನ ಕಬ್ಬ ಉಳಿಯಾಂಗಿಲ್ಲ."

ಎತ್ತರಕ್ಕೆ ಒದ್ದವನು ಒಳಗೆ ಹೋಗಿ ಬರುವಷ್ಟರಲ್ಲಿ ಕಬ್ಬಿನ ಗರಿ ಅವನ ಮುಖ, ತೋಳು ಕೊಯ್ದಿರುತ್ತಿತ್ತು. ಅದರ ಮೇಲೆ ಬೆವರು ಇಳಿದರೆ ಉರಿ ಅಂದರೆ ಉರಿ. ಹೀಗಾಗಿ ನಮ್ಮ ಹುಡುಗರು ಚೆಂಡನ್ನು ನೆಲದಿಂದ ಏಳಿಸುವುದನ್ನೇ ಬಿಟ್ಟರು. ಯಾರಾದರೂ ಜೋರಾಗಿ ಕಾಲು ಬೀಸಿದರೆ ಸಾಕು, ನಾನು ಅಂಚಿನಿಂದ "ಕಬ್ಬಿಗೆ ಕೊಡಬ್ಯಾಡ್ರಲೇ!" ಎಂದು ಅರಚುತ್ತಿದ್ದೆ. ಬರಬರುತ್ತ ಅದು ಬರೀ "ಕಬ್ಬು!" ಎಂದಾಯಿತು. ಯಾವ ಪುಸ್ತಕವೂ ಕಲಿಸಿದ್ದಲ್ಲ, ಕಾಕಾನ ಹೊಲ ಕಲಿಸಿದ್ದು.

ಕೊಲ್ಹಾಪುರದ ಒಂದು ಪಂದ್ಯಾವಳಿಯಲ್ಲಿ ನಮ್ಮ ಈ ನೆಲದ ಆಟ ನೋಡಿದ ಮುಂಬೈಯ ಮ್ಯಾನೇಜರೊಬ್ಬರು ನನ್ನನ್ನು ಕೋಚ್ ಆಗಿ ಕರೆದರು. ಅವರದು ಸಂಬಳಕ್ಕೆ ಆಡುವವರ ತಂಡ. ಒಂದು ಹಂಗಾಮು ನೋಡುತ್ತೇವೆ, ಸರಿ ಕಂಡರೆ ಕಾಯಂ, ಇಲ್ಲದಿದ್ದರೆ ನಿಮ್ಮ ದಾರಿ ನಿಮಗೆ ಅಂದರು. ನಾನು ಕಾಲೇಜಿಗೆ ರಾಜೀನಾಮೆ ಕೊಟ್ಟೆ.

ಪ್ರಿನ್ಸಿಪಾಲರು ಕನ್ನಡಕ ತೆಗೆದು ಟೇಬಲ್ ಮೇಲಿಟ್ಟರು. "ತಲಿ ನೆಟ್ಟಗೈತೇನ್ರಿ? ಪೆನ್ಶನ್ ನೌಕರಿ ಬಿಟ್ಟು ಚೆಂಡಿನ ಹಿಂದ ಹೊಂಟೀರಿ! ತಿಂಗಳೊಪ್ಪತ್ತಿನಾಗ ತಿರುಗಿ ಬರ್ತೀರಿ. ಆವಾಗ ನಿಮ್ಮ ಕುರ್ಚಿ ಇಲ್ಲಿ ಇರಾಂಗಿಲ್ಲ."

"ಇರದಿದ್ರ ಬಿಡ್ರಿ ಸರ್. ನಾ ಕುಂತ ಕೆಲಸ ಮಾಡಾಂವ ಅಲ್ಲ," ಅಂದು ಹೊರಬಿದ್ದೆ. ಮನೆಗೆ ಬಂದು ಸುದ್ದಿ ಹೇಳಿದೆ. ಹೆಂಡತಿ ರೊಟ್ಟಿ ಬಡಿಯುತ್ತಲೇ, "ಹೋಗ್ರಿ. ಆದ್ರ ಯಾರರ ಬಗ್ಗು ಅಂದ್ರ ಬಗ್ಗಿ ಮನಿಗೆ ಬರಬ್ಯಾಡ್ರಿ," ಅಂದಳು.

ಮುಂಬೈಯ ಮೈದಾನದ ಸುತ್ತ ಕಬ್ಬು ಎಲ್ಲಿಂದ ಬರಬೇಕು? ಆದರೂ ಮೊದಲ ದಿನವೇ ನನ್ನ ಬಾಯಿಂದ ಹೊರಟದ್ದು ಅದೇ: "ಕಬ್ಬು!" ಆಟಗಾರರು ಮುಖ ಮುಖ ನೋಡಿಕೊಂಡರು. ತಂಡದ ನಾಯಕ, ಗೋವೆಯ ಡಿಫೆಂಡರ್, ಅದೇನೆಂದು ನಗುತ್ತ ಕೇಳಿದ. ಅಂಗಿಯ ತೋಳು ಮಡಚಿ, ನಾನೂ ಎತ್ತರಕ್ಕೆ ಒದ್ದು ಕಬ್ಬಿನೊಳಗಿಂದ ತಂದುಕೊಂಡಿದ್ದ ಗೀರುಗಳನ್ನು ತೋರಿಸಿ, ಕಾಕಾನ ಅಪ್ಪಣೆಯನ್ನು ಮರಾಠಿಯಲ್ಲಿ ಹೇಳಿದೆ. ಕೆಲವೇ ದಿನಗಳಲ್ಲಿ ಅವರೇ ಒಬ್ಬರಿಗೊಬ್ಬರು ಕೂಗತೊಡಗಿದರು.

ತಕರಾರು ತೆಗೆದವರು ಮ್ಯಾನೇಜರು. ಹಂಗಾಮಿನ ನಡುವೆ ತಾಳೆಮರದಂಥ ಒಬ್ಬ ಫಾರ್ವರ್ಡ್‌ನನ್ನು ಕರೆತಂದು, ಇನ್ನು ಮೇಲೆ ಚೆಂಡು ಇವನ ತಲೆಗೇ ಹೋಗಬೇಕು ಅಂದರು. ನೆಲದ ಆಟ ಕಾಲೇಜು ಹುಡುಗರಿಗೆ ಸರಿ, ಇಲ್ಲಿ ನಡೆಯುವುದಿಲ್ಲವಂತೆ. ಮೇಲಾಗಿ ಆ ಹಳ್ಳಿ ಶಬ್ದ ಮೈದಾನದಲ್ಲಿ ಕೇಳಿಸಕೂಡದಂತೆ, ಜನ ನಗುತ್ತಾರಂತೆ.

ನನಗೆ ಮೈಯೆಲ್ಲ ಉರಿದುಹೋಯಿತು. ಯಾವ ಆಟ ನೋಡಿ ಕರೆತಂದರೋ ಅದನ್ನೇ ಬಿಡು ಅನ್ನುವುದೆಂದರೇನು? "ಮುಂದಿನ ಪಂದ್ಯ ಸೋತರೆ ನಾನೇ ಗಂಟು ಕಟ್ಟುತ್ತೇನೆ. ಅಲ್ಲಿಯವರೆಗೆ ಆಟವೂ ನನ್ನದು, ಮಾತೂ ನನ್ನದು," ಎಂದು ಮುಖಕ್ಕೆ ಹೇಳಿದೆ. ನಮ್ಮ ನಿಪ್ಪಾಣಿ ಕಡೆಯ ಒರಟು ಮರಾಠಿ ಅದು, ಸರಿಯಾಗಿಯೇ ನಾಟಿತು. ಆಮೇಲೆ ಕೋಣೆಗೆ ಬಂದು, ಇದೆಂಥ ಬಾಯಿ ನನ್ನದು, ಸೋತರೆ ಯಾವ ಮುಖ ಹೊತ್ತು ಚಿಕ್ಕೋಡಿಗೆ ಹೋಗಲಿ ಎಂದು ಹೆದರಿದ್ದೂ ನಿಜ. ಆದರೆ ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಆ ಪಂದ್ಯದಲ್ಲಿ ನಾವು ಒಂದು ಗೋಲು ಮುಂದಿದ್ದೆವು. ಇನ್ನೇನು ಮುಗಿಯಬೇಕು, ಎದುರಿನವರು ಜೇನುಹುಳದ ಹಾಗೆ ಮುತ್ತಿದರು. ಚೆಂಡು ನಮ್ಮ ನಾಯಕನ ಕಾಲಿಗೆ ಸಿಕ್ಕಿತು. ಅವನು ಗಾಬರಿಬಿದ್ದು, ಎಲ್ಲಿಗಾದರೂ ಹೋಗಲಿ ಎಂದು ಕಾಲು ಬೀಸಲು ಹೊರಟ. ನಾನು ಬಾಯಿ ತೆರೆಯುವ ಮೊದಲೇ ನನ್ನ ಹಿಂದಿನಿಂದ ಕೂಗು ಬಂತು.

"ಕಬು! ಕಬು!"

ತಿರುಗಿ ನೋಡಿದರೆ ಮ್ಯಾನೇಜರು! ಕುರ್ಚಿ ಬಿಟ್ಟೆದ್ದು, ಕತ್ತಿನ ನರ ಉಬ್ಬಿಸಿ ಕೂಗುತ್ತಿದ್ದರು. ನಾಯಕನ ಕಾಲು ತಡೆಯಿತು. ಚೆಂಡು ನೆಲ ಹಿಡಿದು ಪಕ್ಕದವನಿಗೆ, ಅವನಿಂದ ಇನ್ನೊಬ್ಬನಿಗೆ ಹರಿಯಿತು. ಸೀಟಿ ಊದುವ ತನಕ ಎದುರಿನವರಿಗೆ ಅದು ಸಿಗಲಿಲ್ಲ.

ಮ್ಯಾನೇಜರು ಹತ್ತಿರ ಬಂದು, ನಾಳೆಯಿಂದ ನೀವು ಕಾಯಂ ಎಂದು ಕೈ ಚಾಚಿದರು. ನಾನು ಕೈ ಕೊಡಲಿಲ್ಲ. ಬೇಕೆಂದೇ ಕನ್ನಡದಲ್ಲಿ ಹೇಳಿದೆ:

"ಕಬು ಅಲ್ರಿ ಸಾಹೇಬ್ರ, ಕಬ್ಬು. ಒತ್ತಿ ಅನ್ರಿ."

ಅವರಿಗೆ ತಿಳಿಯಿತು. ಒತ್ತಿಯೇ ಅಂದರು. ಆಗ ಕೈ ಕೊಟ್ಟೆ.